ಉದುರಬೇಕಾದ ಕೋಶ ಉದುರದಿದ್ದಾಗ

ಅಡಿಕೆ ತೋಟವಿರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೋಗೆ ಹಣ್ಣಾದ ಮೇಲೆ ಅದರ ಹಾಳೆ ಕಾಂಡದಿಂದ ತಾನಾಗಿ ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಯಾರೂ ಕೊಯ್ಯುವುದಿಲ್ಲ, ಎಳೆಯುವುದಿಲ್ಲ. ಮರಕ್ಕೆ ಗಾಯವಾಗುವುದಿಲ್ಲ. ಕಾಂಡದ ಮೇಲೆ ಒಂದು ಉಂಗುರದಂಥ ಗುರುತು ಮಾತ್ರ ಉಳಿಯುತ್ತದೆ. ಮಳೆಗಾಲದ ಗಾಳಿಗೆ ಹಸಿ ಸೋಗೆ ಮುರಿದು ಜೋತುಬಿದ್ದರೆ ಮಾತ್ರ ಕತೆ ಬೇರೆ. ಮುರಿದ ಜಾಗ ಸೀಳಿ, ನೀರು ನಿಂತು ಕೊಳೆಯುತ್ತದೆ.

ನಮ್ಮ ದೇಹದ ಜೀವಕೋಶಗಳ ಸಾವಿನಲ್ಲೂ ಈ ಎರಡು ಬಗೆಗಳಿವೆ. ಬೆಂಕಿ ತಗಲಿದಾಗ, ಪೆಟ್ಟು ಬಿದ್ದಾಗ, ರಕ್ತದ ಹರಿವು ನಿಂತಾಗ ಕೋಶ ಊದಿಕೊಂಡು ಒಡೆಯುತ್ತದೆ. ಒಳಗಿದ್ದುದೆಲ್ಲ ಹೊರಗೆ ಚೆಲ್ಲಿ ಸುತ್ತಲಿನ ಭಾಗ ಕೆಂಪಾಗಿ, ಬಾತು, ನೋಯುತ್ತದೆ. ಇದು ಮುರಿದ ಸೋಗೆಯ ಬಗೆ. ಎರಡನೆಯದರಲ್ಲಿ ಕೋಶ ತನ್ನ ಕೆಲಸ ಮುಗಿಯಿತೆಂದು ತಾನೇ ಮುದುಡುತ್ತದೆ, ತನ್ನೊಳಗಿನ ವರ್ಣತಂತುಗಳನ್ನು ತಾನೇ ತುಂಡರಿಸಿಕೊಂಡು ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ. ಅಕ್ಕಪಕ್ಕದ ಕೋಶಗಳು ಆ ಪೊಟ್ಟಣಗಳನ್ನು ನುಂಗಿ ಮುಗಿಸುತ್ತವೆ. ನೋವಿಲ್ಲ, ಬಾವಿಲ್ಲ, ಕಸವಿಲ್ಲ. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಎಂಬ ಮೂವರು ರೋಗವಿಜ್ಞಾನಿಗಳು ಈ ಸಾವಿಗೆ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದ ಅದು. ಹಾಳೆ ಬೀಳುವುದನ್ನು ದಿನವೂ ನೋಡುವ ನಮಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾಗಿಲ್ಲ. ಕನ್ನಡದಲ್ಲಿ ಯೋಜಿತ ಕೋಶಮರಣ ಎನ್ನೋಣ.

ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿದೆ. ಬಾಯಿಯ ಅಥವಾ ಗಂಟಲಿನ ಕ್ಯಾನ್ಸರಿಗೆ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಚಿಕಿತ್ಸೆ ಪಡೆದು ಊರಿಗೆ ಮರಳಿದವರು ಫೈಲು ಹಿಡಿದು ನನ್ನಂಥ ಹಳ್ಳಿ ವೈದ್ಯರ ಬಳಿ ಬರುತ್ತಾರೆ. ಮನೆಯವರ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. "ಡಾಕ್ಟ್ರೇ, ಬಿಲ್ಲಿನಲ್ಲಿ ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಅಂತ ಉಂಟು. ಬೆಳೆಸುವ ಮದ್ದು ಕೊಟ್ಟರೆ ಗಡ್ಡೆಯೂ ಬೆಳೆಯುವುದಿಲ್ಲವಾ?" ಇದು ಒಂದು. "ಗಡ್ಡೆಗೆ ಆಹಾರ ಸಿಗಬಾರದು ಅಂತ ಹಾಲು, ಮೊಟ್ಟೆ, ಮೀನು ಎಲ್ಲ ನಿಲ್ಲಿಸಿದ್ದೇವೆ, ಸರಿಯಲ್ಲವಾ?" ಇದು ಇನ್ನೊಂದು. ಮೊದಲ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಎರಡನೆಯದರಿಂದ ರೋಗಿಗೆ ದೊಡ್ಡ ಅಪಾಯವಿದೆ. ಉತ್ತರ ಅರ್ಥವಾಗಬೇಕಾದರೆ ಕೋಶದ ಒಳಗೆ ಒಮ್ಮೆ ಇಣುಕಬೇಕು.

ಬದುಕಲು ಅಪ್ಪಣೆ ಬೇಕು

ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ದಿನವೊಂದಕ್ಕೆ ಐದಾರು ಸಾವಿರ ಕೋಟಿ ಕೋಶಗಳು ಹೀಗೆ ಸದ್ದಿಲ್ಲದೆ ಉದುರುತ್ತವೆ, ಅಷ್ಟೇ ಹೊಸತು ಹುಟ್ಟುತ್ತವೆ. ಗರ್ಭದಲ್ಲಿರುವ ಮಗುವಿನ ಕೈ ಮೊದಲು ಬಾತುಕೋಳಿಯ ಪಾದದಂತೆ ಇರುತ್ತದೆ. ಬೆರಳುಗಳ ನಡುವಿನ ಪೊರೆಯ ಕೋಶಗಳು ಸತ್ತಾಗಲೇ ಐದು ಬೆರಳು ಬಿಡಿಬಿಡಿಯಾಗುವುದು. ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದೂ ಹೀಗೆಯೇ. ಒಂದು ಮಿಲಿಮೀಟರ್ ಉದ್ದದ ಒಂದು ಜಂತುವಿನಲ್ಲಿ ವಿಜ್ಞಾನಿಗಳು ಇದನ್ನು ಎಣಿಸಿಯೇ ಬಿಟ್ಟರು. ಅದು ಬೆಳೆಯುವಾಗ 1090 ದೇಹಕೋಶಗಳು ಹುಟ್ಟುತ್ತವೆ, ಅದರಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಪ್ರತಿ ಜಂತುವಿನಲ್ಲೂ ಅದೇ ಲೆಕ್ಕ, ಸಾಯುವುದು ಅವೇ ಕೋಶಗಳು. ಸಾವಿನ ಸೂಚನೆಯನ್ನು ಬರೆದಿಟ್ಟ ಜೀನುಗಳು ಸಿಕ್ಕಿದ್ದು ಈ ಲೆಕ್ಕದಿಂದ. ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಜ್ ಮತ್ತು ಜಾನ್ ಸಲ್ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಹಾಗಾದರೆ ಯಾವ ಕೋಶ ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುವವರು ಯಾರು? ಇದರ ಮೊದಲ ಸುಳಿವು ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಎಂಬ ಮಹಿಳೆಯಿಂದ ಬಂತು. ಯಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಆಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣದ ನರಗಳನ್ನು ಪರೀಕ್ಷಿಸುತ್ತಿದ್ದರು. ನರಕೋಶಗಳು ಹುಟ್ಟುತ್ತವೆ, ಬೆಳೆಯುತ್ತವೆ, ಆದರೆ ಅವು ತಲುಪಬೇಕಾದ ಜಾಗದಿಂದ ಯಾವುದೋ ಒಂದು ವಸ್ತು ಸಿಗದಿದ್ದರೆ ಸಾಯುತ್ತವೆ ಎಂಬ ನಿರ್ಣಯಕ್ಕೆ ಬಂದರು. ಮುಂದೆ ಅಮೆರಿಕದಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆಗೂಡಿ ಆ ವಸ್ತುವನ್ನು ಬೇರ್ಪಡಿಸಿದರು. ಅದೇ ನರವೃದ್ಧಿಕಾರಕ.

ಕೋಹೆನ್ ಅಲ್ಲಿಗೇ ನಿಲ್ಲಲಿಲ್ಲ. ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ರಸವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣುರೆಪ್ಪೆ ಅವಧಿಗೆ ಮುಂಚೆಯೇ ತೆರೆದವು, ಹಲ್ಲು ಬೇಗ ಬಂದವು. ಆ ರಸದಲ್ಲಿ ಚರ್ಮದ ಮತ್ತು ಒಳಪೊರೆಯ ಕೋಶಗಳನ್ನು ಬೆಳೆಸುವ ಇನ್ನೊಂದು ವೃದ್ಧಿಕಾರಕವಿತ್ತು. ವೈದ್ಯರು ಇದನ್ನು ಇಜಿಎಫ್ ಎನ್ನುತ್ತಾರೆ. ನಮ್ಮ ಜೊಲ್ಲಿನಲ್ಲೂ ಇದು ಇದೆ. ಕೆನ್ನೆ ಕಚ್ಚಿಕೊಂಡ ಗಾಯ ಬಾಯಿಯಲ್ಲಿ ಬೇಗ ಮಾಯುವುದಕ್ಕೆ ಇದೂ ಒಂದು ಕಾರಣ. 1986ರ ನೊಬೆಲ್ ಇಬ್ಬರಿಗೂ ಸೇರಿ ಸಿಕ್ಕಿತು.

ಹೆಸರಿನಲ್ಲಿ 'ವೃದ್ಧಿ' ಇರುವುದರಿಂದ ಇವು ಕೋಶಕ್ಕೆ ಗೊಬ್ಬರವಿದ್ದಂತೆ ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಗೊಬ್ಬರ ಆಹಾರ. ವೃದ್ಧಿಕಾರಕ ಆಹಾರವಲ್ಲ, ಅಪ್ಪಣೆ. ಸುತ್ತಲಿನ ಕೋಶಗಳು ಕಳಿಸುವ 'ನೀನು ಇನ್ನೂ ಬೇಕು' ಎಂಬ ಚೀಟಿ. ಚೀಟಿ ಬರುವುದು ನಿಂತರೆ ಕೋಶ ಹೊಟ್ಟೆಗಿಲ್ಲದೆ ಸಾಯುವುದಿಲ್ಲ, ಸುತ್ತ ಸಕ್ಕರೆ ಪ್ರಾಣವಾಯು ಎಲ್ಲ ಇದ್ದರೂ ತಾನಾಗಿ ಉದುರುತ್ತದೆ. ಅಂದರೆ ಸಾವಿನ ಸಿದ್ಧತೆ ಪ್ರತಿ ಕೋಶದೊಳಗೂ ಮೊದಲೇ ಮುಗಿದಿರುತ್ತದೆ. ಹೊರಗಿನ ಅಪ್ಪಣೆ ಅದನ್ನು ತಡೆಹಿಡಿದಿರುತ್ತದೆ, ಅಷ್ಟೆ.

ತಡೆ ಹೀಗಿದೆ. ಕೋಶದ ಹೊರಪೊರೆಯಲ್ಲಿ ಪ್ರತಿ ವೃದ್ಧಿಕಾರಕಕ್ಕೂ ಸರಿಹೊಂದುವ ಗ್ರಾಹಕಗಳಿರುತ್ತವೆ. ಬೀಗ ಎನ್ನಿ, ವೃದ್ಧಿಕಾರಕ ಅದರ ಕೀಲಿಕೈ. ಕೀಲಿಕೈ ಸೇರಿದಾಗ ಅಕ್ಕಪಕ್ಕದ ಎರಡು ಗ್ರಾಹಕಗಳು ಜೋಡಿಯಾಗಿ, ಪೊರೆಯ ಒಳಬದಿಯಲ್ಲಿ ಒಂದು ಕಿಣ್ವವನ್ನು ಎಚ್ಚರಿಸುತ್ತವೆ. ಅದು ಇನ್ನೊಂದನ್ನು, ಅದು ಮತ್ತೊಂದನ್ನು ಎಚ್ಚರಿಸಿ, ಸುದ್ದಿ ಕೊನೆಗೆ ಎಕೆಟಿ ಎಂಬ ಕಿಣ್ವಕ್ಕೆ ತಲುಪುತ್ತದೆ. ಎಕೆಟಿಯ ಕೆಲಸಗಳಲ್ಲಿ ಒಂದು 'ಬ್ಯಾಡ್' ಎಂಬ ಪ್ರೋಟೀನನ್ನು ಕಟ್ಟಿಹಾಕುವುದು. (ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.) ಬ್ಯಾಡ್ ಬಿಡುಗಡೆಯಾದರೆ ಕೋಶದ ಕಾವಲುಗಾರರಾದ ಬಿಸಿಎಲ್ ಗುಂಪಿನ ಪ್ರೋಟೀನುಗಳನ್ನು ಹಿಡಿದು ಕೆಲಸಗೆಡಿಸುತ್ತದೆ. ಕಾವಲು ತಪ್ಪಿದಾಗ ಕೋಶದ ಒಲೆಗಳಾದ ಮೈಟೋಕಾಂಡ್ರಿಯಗಳಲ್ಲಿ ತೂತು ಬೀಳುತ್ತದೆ, ಅಲ್ಲಿಂದ ಸೈಟೋಕ್ರೋಮ್ ಸಿ ಸೋರುತ್ತದೆ, ಅದು ಸೋರಿದೊಡನೆ ಕ್ಯಾಸ್ಪೇಸ್ ಎಂಬ ಕತ್ತರಿಗಳು ಕೆಲಸ ಶುರು ಮಾಡಿ ಕೋಶವನ್ನು ಒಳಗಿನಿಂದ ತುಂಡರಿಸುತ್ತವೆ.

ಕ್ಯಾನ್ಸರ್ ಮಾಡುವ ಮೋಸ

ಕ್ಯಾನ್ಸರ್ ಎಂದರೆ ಕೋಶಗಳು ಹುಚ್ಚುಚ್ಚಾಗಿ ಹುಟ್ಟುವುದು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಭಾಗ. ಸಾಯಬೇಕಾದ ಕೋಶ ಸಾಯದೆ ಉಳಿಯುವುದು ಇನ್ನರ್ಧ. ವರ್ಣತಂತು ಕೆಟ್ಟ ಕೋಶವನ್ನು ಗುರುತಿಸಿ ಕತ್ತರಿಗಳಿಗೆ ಒಪ್ಪಿಸಲು ಪಿ53 ಎಂಬ ಕಾವಲು ಪ್ರೋಟೀನು ಬೇರೆಯೇ ಇದೆ. ಬಾಯಿಯ ಕ್ಯಾನ್ಸರುಗಳಲ್ಲಿ ಬಹಳಷ್ಟರಲ್ಲಿ ಈ ಪಿ53 ಜೀನೇ ಕೆಟ್ಟಿರುತ್ತದೆ. ಅದರ ಮೇಲೆ ವೃದ್ಧಿಕಾರಕಗಳ ಮೋಸ ಸೇರುತ್ತದೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರುಗಳಲ್ಲಿ ಬಹುಪಾಲಿನವು ತಮ್ಮ ಮೈಮೇಲೆ ಇಜಿಎಫ್ ಗ್ರಾಹಕಗಳನ್ನು ಮಿತಿಮೀರಿ ಬೆಳೆಸಿಕೊಂಡಿರುತ್ತವೆ. ಒಂದು ಬಾಗಿಲಿನ ಜಾಗದಲ್ಲಿ ಹತ್ತು ಬಾಗಿಲು, ಸಣ್ಣ ಪಿಸುಮಾತೂ ಕೂಗಿನಂತೆ ಕೇಳಿಸುತ್ತದೆ. ಇನ್ನು ಕೆಲವು ಕೋಶಗಳು ಆ ಗ್ರಾಹಕಕ್ಕೆ ಹೊಂದುವ ವೃದ್ಧಿಕಾರಕವನ್ನು ತಾವೇ ತಯಾರಿಸಿ ತಾವೇ ಹೀರಿಕೊಳ್ಳುತ್ತವೆ. ಚೀಟಿಯನ್ನು ತಾನೇ ಬರೆದು ತಾನೇ ಸಹಿ ಹಾಕಿಕೊಂಡಂತೆ. ಮತ್ತೆ ಕೆಲವಲ್ಲಿ ಬಾಗಿಲಿನ ಒಳಗಿನ ಕಿಣ್ವವೇ ಕೆಟ್ಟು, ಯಾರೂ ಬಾಗಿಲು ತಟ್ಟದಿದ್ದರೂ ಸುದ್ದಿ ಹೋಗುತ್ತಲೇ ಇರುತ್ತದೆ.

ವಿಕಿರಣ ಚಿಕಿತ್ಸೆ ಮತ್ತು ಅನೇಕ ಕ್ಯಾನ್ಸರ್ ಔಷಧಿಗಳು ಕೋಶದ ವರ್ಣತಂತುವಿಗೆ ಪೆಟ್ಟು ಕೊಟ್ಟು, 'ಇನ್ನು ನೀನು ಉದುರು' ಎಂಬ ಸ್ಥಿತಿಗೆ ತರುತ್ತವೆ. ಹೊರಗಿನಿಂದ 'ಬದುಕು' ಎಂಬ ಕೂಗು ಜೋರಾಗಿದ್ದರೆ ಕೋಶ ಆ ಪೆಟ್ಟನ್ನು ಸಹಿಸಿ ನಿಲ್ಲುತ್ತದೆ. ಕೂಗನ್ನೇ ನಿಲ್ಲಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಇಲ್ಲಿಂದ.

ಆ ಯೋಚನೆಯಿಂದ ಬಂದ ಔಷಧಿಗಳಲ್ಲಿ ಒಂದಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ಇಜಿಎಫ್ ಗ್ರಾಹಕದ ಬೀಗಕ್ಕೆ ಅಡ್ಡಕೂತು ಕೀಲಿಕೈ ಸೇರದಂತೆ ಮಾಡುವ ನಿಮೋಟುಜುಮಾಬ್ ಎಂಬ ಪ್ರತಿಕಾಯವನ್ನು ಕ್ಯೂಬಾದ ವಿಜ್ಞಾನಿಗಳು ಕಂಡುಹಿಡಿದಿದ್ದರು. ಬೆಂಗಳೂರಿನ ಬಯೋಕಾನ್ ಕಂಪೆನಿ ಅವರೊಂದಿಗೆ ಸೇರಿ 2006ರಲ್ಲಿ ಅದನ್ನು ತಲೆ-ಕುತ್ತಿಗೆಯ ಕ್ಯಾನ್ಸರಿಗಾಗಿ ಭಾರತದ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಹೊರದೇಶಗಳಲ್ಲಿ ಸೆಟುಕ್ಸಿಮಾಬ್ ಎಂಬ ಇದೇ ಬಗೆಯ ಔಷಧಿಯ ಪ್ರಯೋಗದ ಫಲಿತಾಂಶವೂ ಪ್ರಕಟವಾಯಿತು. ಬರೀ ವಿಕಿರಣ ಪಡೆದವರ ಮಧ್ಯಮ ಆಯುಷ್ಯ 29 ತಿಂಗಳಾದರೆ, ಔಷಧಿಯೂ ಸೇರಿದವರದು 49 ತಿಂಗಳು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಹಳೆಯ ಔಷಧಿಯನ್ನು ಮೊದಲೇ ಕೊಡುತ್ತಿದ್ದವರಿಗೆ ಸೆಟುಕ್ಸಿಮಾಬನ್ನೂ ಸೇರಿಸಿದಾಗ ಹೆಚ್ಚಿನ ಲಾಭ ಸಿಗಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 536 ರೋಗಿಗಳಲ್ಲಿ ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಜೊತೆಗೆ ನಿಮೋಟುಜುಮಾಬ್ ಕೊಟ್ಟು ನೋಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದವರೆಗೆ ರೋಗ ಮುಂದುವರಿಯದೆ ಇದ್ದವರು ನೂರಕ್ಕೆ 50ರಿಂದ ಸುಮಾರು 62ಕ್ಕೆ ಏರಿದರು. ಒಟ್ಟು ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ.

ಹೀಗೇಕೆ? ತೋಟದ ಒಂದು ಕಣಿಗೆ ಮಣ್ಣು ಹಾಕಿ ನೀರು ತಡೆದರೆ ಅದು ಪಕ್ಕದ ಕಣಿ ಹುಡುಕಿಕೊಳ್ಳುತ್ತದೆ. ಕ್ಯಾನ್ಸರ್ ಕೋಶವೂ ಬೇರೆ ವೃದ್ಧಿಕಾರಕದ ಬಾಗಿಲನ್ನು ಬಳಸಲು ಕಲಿಯುತ್ತದೆ. ಹಾಗಾಗಿ ಈ ಔಷಧಿಗಳು ಎಲ್ಲರಿಗೂ ಬೇಕೆಂದಿಲ್ಲ. ಬಾಯಿಯ ಕ್ಯಾನ್ಸರಿಗೆ, ಮಾಡಲು ಸಾಧ್ಯವಿದ್ದಾಗ, ಮೊದಲ ಚಿಕಿತ್ಸೆ ಇವತ್ತಿಗೂ ಶಸ್ತ್ರಚಿಕಿತ್ಸೆಯೇ. ದುಬಾರಿ ಇಂಜೆಕ್ಷನ್ ಕೊಡಿಸಲಾಗಲಿಲ್ಲವಲ್ಲಾ ಎಂದು ತೋಟ ಅಡವಿಡಲು ಹೊರಡುವ ಮೊದಲು, ಅದರಿಂದ ಈ ರೋಗಿಗೆ ಎಷ್ಟು ಲಾಭ ಎಂದು ಕ್ಯಾನ್ಸರ್ ತಜ್ಞರನ್ನು ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೇರೆ ಕ್ಯಾನ್ಸರುಗಳಲ್ಲಿ ಇದೇ ಉಪಾಯ ಚೆನ್ನಾಗಿ ಫಲಿಸಿದೆ. ಎಚ್‌ಇಆರ್2 ಗ್ರಾಹಕ ಹೆಚ್ಚಿರುವ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್, ಒಂದು ಬಗೆಯ ರಕ್ತ ಕ್ಯಾನ್ಸರಿಗೆ 2001ರಲ್ಲಿ ಬಂದ ಇಮಾಟಿನಿಬ್ ಗುಳಿಗೆ ಇದಕ್ಕೆ ಉದಾಹರಣೆ. 2016ರಲ್ಲಿ ಬಂದ ವೆನೆಟೊಕ್ಲಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಸಿಎಲ್-2 ಕಾವಲುಗಾರನನ್ನೇ ಹಿಡಿದು ಕೋಶ ಉದುರುವಂತೆ ಮಾಡುತ್ತದೆ.

ಬಿಲ್ಲಿನಲ್ಲಿರುವ ಆ ಇಂಜೆಕ್ಷನ್

ಈಗ ಮೊದಲ ಪ್ರಶ್ನೆ. ಕ್ಯಾನ್ಸರ್ ಔಷಧಿಗಳಿಂದ ಎಲುಬಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳ ಉತ್ಪತ್ತಿ ಕುಗ್ಗುತ್ತದೆ. ಅವನ್ನು ಮತ್ತೆ ಹೆಚ್ಚಿಸಲು ಕೊಡುವುದು ಜಿ-ಸಿಎಸ್ಎಫ್ ಎಂಬ ಇಂಜೆಕ್ಷನ್. ಇದೂ ವೃದ್ಧಿಕಾರಕವೇ. ಆದರೆ ಇದರ ಕೀಲಿಕೈ ಮುಖ್ಯವಾಗಿ ಬಿಳಿಕಣಗಳ ಬೀಗಕ್ಕೆ ಹೊಂದುವಂಥದು. ಬಾಯಿಯ ಗಡ್ಡೆ ಬೆಳೆಯಲು ಇಜಿಎಫ್ ಬಾಗಿಲನ್ನು ಕಾಯುತ್ತಿರುತ್ತದೆ. ಇದು ಆ ಬಾಗಿಲಿನ ಕೀಲಿಕೈ ಅಲ್ಲ. 1991ರಿಂದ ಬಳಕೆಯಲ್ಲಿರುವ ಈ ಔಷಧಿಯಿಂದ ಸೋಂಕಿಗೆ ಬಲಿಯಾಗುವುದು ತಪ್ಪಿದವರು ಎಷ್ಟೋ ಜನ. ವೈದ್ಯರು ಬರೆದಿದ್ದರೆ ಹೆದರಿ ತಪ್ಪಿಸಬೇಡಿ. ಇದರ ಜೊತೆಗೆ ಇನ್ನೊಂದು ಮಾತು: ಕಿಮೋಥೆರಪಿ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ಮನೆಯಲ್ಲಿ ಪ್ಯಾರಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಎನ್ನುವ ಜ್ವರವಲ್ಲ. ನೆರಿಯದಂಥ ಘಟ್ಟದ ಬುಡದ ಊರಿನವರು ಮಳೆಗಾಲದ ರಾತ್ರಿಯಾದರೂ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಬೇಕು. ಯಾವ ಆಸ್ಪತ್ರೆ, ಯಾರ ಗಾಡಿ ಎಂಬುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ ಎಂದದ್ದು ಇದಕ್ಕೆ. ಕೆಂಪು ರಕ್ತಕಣಗಳಿಗೆ ಎರಿಥ್ರೊಪೊಯಿಟಿನ್ ಎಂಬ ವೃದ್ಧಿಕಾರಕವಿದೆ. ಅದು ಸಿಗದಿದ್ದರೆ ಮಜ್ಜೆಯಲ್ಲಿರುವ ಎಳೆಯ ಕೆಂಪುಕಣಗಳು ಯೋಜಿತ ಮರಣದಿಂದ ಉದುರಿಹೋಗುತ್ತವೆ. ರಕ್ತಹೀನತೆ ಸರಿಪಡಿಸಿದರೆ ವಿಕಿರಣ ಚೆನ್ನಾಗಿ ಕೆಲಸ ಮಾಡೀತೆಂದು ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ಇದನ್ನು ಕೊಟ್ಟು ನೋಡಿದರು. 2003ರಲ್ಲಿ ಬಂದ ಯುರೋಪಿನ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ರಕ್ತ ಏರಿತ್ತು, ಆದರೆ ಔಷಧಿ ಪಡೆದವರಲ್ಲೇ ರೋಗ ಹತೋಟಿ ಕೆಟ್ಟಿತ್ತು. ಹಾಗಾಗಿ ಗುಣಪಡಿಸುವ ಉದ್ದೇಶದಿಂದ ಚಿಕಿತ್ಸೆ ನಡೆಯುವಾಗ ಇದನ್ನು ಕೊಡುವುದಿಲ್ಲ. ರಕ್ತ ತೀರಾ ಕಡಿಮೆಯಾದರೆ ರಕ್ತವನ್ನೇ ಕೊಡುತ್ತಾರೆ. ಅನುಮಾನ ಪಟ್ಟವರು ದಡ್ಡರಲ್ಲ ಎಂದು ಹೇಳಲು ಇದನ್ನು ಬರೆದೆ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಹಾಲು, ಮೊಟ್ಟೆ, ಮೀನು, ಬೇಳೆ ನಿಲ್ಲಿಸಬಾರದು. ಆಹಾರ ಬೇರೆ, ಅಪ್ಪಣೆ ಬೇರೆ ಎಂದು ಮೇಲೆ ಹೇಳಿದೆ. ರೋಗಿಯನ್ನು ಉಪವಾಸ ಕೆಡವಿದರೆ ಗಡ್ಡೆ ಉಪವಾಸ ಬೀಳುವುದಿಲ್ಲ. ಅದು ರೋಗಿಯ ಸ್ನಾಯುವಿನಿಂದ, ಕೊಬ್ಬಿನಿಂದ ತನಗೆ ಬೇಕಾದ್ದನ್ನು ಕಿತ್ತುಕೊಳ್ಳುತ್ತದೆ. ತೂಕ ಇಳಿದವರು ವಿಕಿರಣವನ್ನು ತಾಳಲಾರದೆ ನಡುವೆ ಬಿಟ್ಟುಬಿಡುತ್ತಾರೆ. ನುಂಗಲು ಕಷ್ಟವಾದರೆ ರಾಗಿ ಗಂಜಿಗೆ ಹಾಲು ಸೇರಿಸಿ, ಮೊಟ್ಟೆ ಬೇಯಿಸಿ ಹಿಸುಕಿ, ಮೀನಿನ ಮುಳ್ಳು ತೆಗೆದು ಅನ್ನದೊಂದಿಗೆ ಅರೆದು ಕೊಡಿ. ಖಾರ ಬೇಡ. ಮೂಗಿನ ನಳಿಕೆ ಹಾಕಬೇಕೆಂದರೆ ಒಪ್ಪಿಕೊಳ್ಳಿ, ಅದು ಕೊನೆಯ ಹಂತದ ಲಕ್ಷಣವಲ್ಲ.

ಅಡಿಕೆಯ ಮಾತು

ಅಡಿಕೆಯಿಂದ ಬದುಕುವ ತಾಲೂಕಿನಲ್ಲಿ ಕೂತು ಇದನ್ನು ಬರೆಯುವುದು ಸುಲಭವಲ್ಲ. ನನ್ನ ಫೀಸು ಬರುವುದೂ ಅಡಿಕೆ ಮಾರಿದ ಹಣದಿಂದಲೇ. ಕೊಳೆರೋಗ, ಎಲೆಚುಕ್ಕಿ ರೋಗಗಳಿಂದ ಸೋತ ಬೆಳೆಗಾರನಿಗೆ ಇನ್ನೊಂದು ಪೆಟ್ಟು ಕೊಡುವ ಇಚ್ಛೆ ನನಗಿಲ್ಲ. ಆದರೂ ಬೆಳೆಯುವುದು ಬೇರೆ, ದಿನಕ್ಕೆ ಹತ್ತು ಸಲ ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ.

ಹೊಗೆಸೊಪ್ಪು ಹಾಕಿದರೆ ಮಾತ್ರ ತೊಂದರೆ, ಬರೀ ಎಲೆಯಡಿಕೆಗೆ ಏನೂ ಆಗದು ಎಂಬ ನಂಬಿಕೆ ಹಿರಿಯರಲ್ಲಿ ಬಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ಎಲ್ಲ ಸಾಕ್ಷ್ಯಗಳನ್ನು ನೋಡಿ, ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯೂ, ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ತೀರ್ಮಾನಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು ಎಂಬುದೂ ನಿಜ. ಅದೇ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಬಾಯಿಯ ಕ್ಯಾನ್ಸರುಗಳಲ್ಲಿ ಸುಮಾರು 1,20,200 ಪ್ರಕರಣಗಳಿಗೆ ಅಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ಭಾರತದ್ದು.

ಇಲ್ಲೂ ಒಂದು ವೃದ್ಧಿಕಾರಕದ ಕೈವಾಡವಿದೆ. ಅಡಿಕೆಯನ್ನು ಹೆಚ್ಚಾಗಿ ಅಗಿಯುವವರ ಕೆನ್ನೆಯ ಒಳಪೊರೆಯಲ್ಲಿ ಟಿಜಿಎಫ್-ಬೀಟಾ ಎಂಬ ವೃದ್ಧಿಕಾರಕ ಹೆಚ್ಚುತ್ತದೆ. ಇದು ಎರಡು ಮುಖದ ವಸ್ತು. ಆರೋಗ್ಯವಂತ ಒಳಪೊರೆಯ ಕೋಶಕ್ಕೆ 'ಸಾಕು, ನಿಲ್ಲು' ಎಂದು ಹೇಳಿ ಬೇಕಾದರೆ ಉದುರಿಸುತ್ತದೆ. ಅದೇ ಹೊತ್ತಿಗೆ ಕೆಳಗಿನ ನಾರಿನ ಕೋಶಗಳಿಗೆ 'ಇನ್ನಷ್ಟು ನಾರು ಹೆಣೆ' ಎನ್ನುತ್ತದೆ. ಕೆನ್ನೆಯ ಒಳಭಾಗ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯುವುದು ಕ್ರಮೇಣ ಕಡಿಮೆಯಾಗುತ್ತದೆ. ಕ್ಯಾನ್ಸರ್ ಹುಟ್ಟಿದ ಮೇಲಂತೂ ಗಡ್ಡೆಯ ಕೋಶಗಳು 'ನಿಲ್ಲು' ಎಂಬ ಮಾತಿಗೆ ಕಿವುಡಾಗಿ, ಅದೇ ಟಿಜಿಎಫ್-ಬೀಟಾವನ್ನು ಹರಡಲು ಬಳಸಿಕೊಳ್ಳುತ್ತವೆ. ನಾರುಗಟ್ಟಿದ ಬಾಯಿ ಕ್ಯಾನ್ಸರಲ್ಲ, ಆದರೆ ಮುಂದೆ ಕ್ಯಾನ್ಸರಾಗಬಹುದಾದ ಸ್ಥಿತಿ. ಗುಟ್ಕಾ, ಪಾನ್ ಮಸಾಲಾ ತಿನ್ನುವ ಇಪ್ಪತ್ತು-ಇಪ್ಪತ್ತೈದರ ಹುಡುಗರಲ್ಲೂ ಇದು ಕಾಣುತ್ತದೆ.

ಮನೆಯಲ್ಲೇ ನೋಡಬಹುದು. ಬಾಯಿ ಅಗಲವಾಗಿ ತೆರೆದು ತಮ್ಮದೇ ಮೂರು ಬೆರಳುಗಳನ್ನು, ಒಂದರ ಮೇಲೊಂದು ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಲಿ. ಮೂರು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಖಾರ ತಿಂದರೆ ಉರಿ, ಮೂರು ವಾರ ದಾಟಿದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಇವೂ ಹಾಗೆಯೇ. ನೋವಿಲ್ಲವೆಂದು ಸುಮ್ಮನಿರಬೇಡಿ, ಶುರುವಿನಲ್ಲಿ ನೋವಿರುವುದೇ ಅಪರೂಪ. ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರೆ ಕ್ಯಾನ್ಸರ್ 'ಕೆರಳಿ' ಹರಡುತ್ತದೆ ಎಂದು ಹೇಳುವವರಿದ್ದಾರೆ. ಬಾಯಿಯ ಹುಣ್ಣಿನ ಮಟ್ಟಿಗೆ ಆ ಭಯಕ್ಕೆ ಆಧಾರವಿಲ್ಲ, ಪರೀಕ್ಷೆ ಮುಂದೂಡಿದ ತಿಂಗಳುಗಳಲ್ಲಿ ಹರಡುವುದು ಮಾತ್ರ ಖಂಡಿತ. ಮೊದಲು ಹತ್ತಿರದ ದಂತವೈದ್ಯರಿಗೆ ತೋರಿಸಿದರೂ ಆದೀತು. ಬೆಳಕು, ಕನ್ನಡಿ, ಅಭ್ಯಾಸವಾದ ಕಣ್ಣು ಮೂರೂ ಅವರಲ್ಲಿದೆ. ಬೆಳ್ತಂಗಡಿಗೋ ಉಜಿರೆಗೋ ಸಂತೆಗೆ, ಬ್ಯಾಂಕಿಗೆ ಹೋದ ದಿನವೇ ಆ ಕೆಲಸ ಮುಗಿಸಿಕೊಂಡು ಬರಬಹುದು.